ಮೂಡದ ಗೆರೆಯ ಸಾಕ್ಷ್ಯ

ವಿಜಯಪುರ ಜಿಲ್ಲೆಯ ಆಲಮೇಲ ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ಊರು. ಈಗ ಅದೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಉತ್ತರಕ್ಕೆ ಭೀಮಾ ನದಿ, ಸುತ್ತಲೂ ಎರೆಭೂಮಿ, ಜೋಳ ಮತ್ತು ಕಬ್ಬಿನ ಹೊಲಗಳು. ಜೂನ್ 26ನೆಯ ದಿನವನ್ನು ಮಾದಕದ್ರವ್ಯ ವಿರೋಧಿ ದಿನವನ್ನಾಗಿ ಆಚರಿಸಬೇಕೆಂದು ವಿಶ್ವಸಂಸ್ಥೆಯು 1987ರಲ್ಲಿ ಗೊತ್ತುಮಾಡಿತು. ಆ ದಿನದ ನಿಮಿತ್ತ ಅಲ್ಲಿ ಕೂಡಿದ್ದ ಕೆಲವು ವಿದ್ಯಾರ್ಥಿಗಳೆದುರು ನಾವು ಒಂದು ಸಣ್ಣ ಪ್ರಯೋಗವನ್ನು ಮಾಡಿ ತೋರಿಸಿದೆವು. ಔಷಧದ ಅಂಗಡಿಯಿಂದ ತಂದಿದ್ದ ಗಾಂಜಾ ಪರೀಕ್ಷೆಯ ಪಟ್ಟಿಯೊಂದನ್ನು ಬರಿಯ ಕುಡಿಯುವ ನೀರಿನಲ್ಲಿ ಅದ್ದಿ ಮೇಜಿನ ಮೇಲಿಟ್ಟೆವು. ಐದು ನಿಮಿಷದೊಳಗೆ ಅದರ ಬಿಳಿಯ ಮೈಮೇಲೆ ಎರಡು ಕೆಂಪು ಗೆರೆಗಳು ಮೂಡಿದವು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸರ್, ಎರಡೂ ಗೆರಿ ಮೂಡ್ಯಾವ್ರೀ. ಹಂಗಾದ್ರ ಈ ನೀರಿನ್ಯಾಗ ಗಾಂಜಾ ಐತೇನ್ರೀ?” ಎಂದು ಕೇಳಿದ. ಸಭೆಯೆಲ್ಲ ನಕ್ಕಿತು, ಆದರೆ ಹಾಗೆಂದೇ ಎಣಿಸಿದ್ದವರ ಕೈ ಎತ್ತಿಸಿದಾಗ ಮುಕ್ಕಾಲು ಮಂದಿಯ ಕೈಗಳು ಮೇಲೆ ಇದ್ದವು.

ಅವರು ಹಾಗೆಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಮೂಗಿನ ದ್ರವವನ್ನು ಪರೀಕ್ಷಿಸುತ್ತಿದ್ದ ಪಟ್ಟಿಯಲ್ಲಿ ಎರಡು ಗೆರೆ ಬಂದರೆ ರೋಗವಿದೆಯೆಂದೇ ಅರ್ಥವಿದ್ದಿತು. ಗರ್ಭಪರೀಕ್ಷೆಯ ಪಟ್ಟಿಯಲ್ಲಿಯೂ ಹಾಗೆಯೇ. ಮಾದಕದ್ರವ್ಯದ ಪಟ್ಟಿಯ ರೀತಿಯು ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ಗೆರೆ ಮೂಡಿದರೆ ದ್ರವ್ಯವಿಲ್ಲ. ಗೆರೆ ಮೂಡದಿದ್ದರೆ ದ್ರವ್ಯವಿರಬಹುದು. ಇರುವ ವಸ್ತುವು ಇಲ್ಲದ ಗೆರೆಯಿಂದ ತನ್ನನ್ನು ತೋರಿಸಿಕೊಳ್ಳುತ್ತದೆ! ಇದು ಏಕೆ ಹೀಗೆ ಎಂಬುದನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ. 2025ರಲ್ಲಿ ಮಂಗಳೂರು ನಗರದ ಪೊಲೀಸರ ಪ್ರೇರಣೆಯಿಂದ ಅಲ್ಲಿನ ಕೆಲವು ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಆಯ್ದು ಪರೀಕ್ಷಿಸತೊಡಗಿದವು. ಮಂಗಳೂರಿಗೆ ಬಂದುದು ಆಲಮೇಲಕ್ಕೆ ಬರುವುದಿಲ್ಲವೆಂದು ಹೇಳಲಾಗದು. ಇಂಥ ಪಟ್ಟಿಯು ನಾಳೆ ನಮ್ಮ ವಾಚಕರಲ್ಲೊಬ್ಬರ ಮುಂದೆಯೇ ಬರಬಹುದು. ಆಗ ಅದರ ಭಾಷೆಯನ್ನು ಓದಬಲ್ಲವರು ಕೋಣೆಯಲ್ಲಿ ಒಬ್ಬರಾದರೂ ಇರಬೇಕಲ್ಲವೆ?

ಪಟ್ಟಿಯ ರಚನೆ ಸರಳವಾಗಿ ಕಾಣುತ್ತದೆ. ಐದಾರು ಸೆಂಟಿಮೀಟರು ಉದ್ದ, ಮೂರು ನಾಲ್ಕು ಮಿಲಿಮೀಟರು ಅಗಲದ ಪ್ಲಾಸ್ಟಿಕ್ ತಳದ ಮೇಲೆ ನಾಲ್ಕು ತುಂಡುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸಿರುತ್ತಾರೆ. ಮೊದಲನೆಯದು ಮೂತ್ರವನ್ನು ಹೀರುವ ಮೆತ್ತೆ. ಎರಡನೆಯದರಲ್ಲಿ ಬಣ್ಣದ ಕಣಗಳು ಒಣಗಿ ಕುಳಿತಿರುತ್ತವೆ. ಮೂರನೆಯದು ನೈಟ್ರೊಸೆಲ್ಯುಲೋಸ್ ಎಂಬ ವಸ್ತುವಿನ ಬಿಳಿಯ ಹಾಳೆ. ಗೆರೆಗಳು ಮೂಡುವುದು ಇದರ ಮೇಲೆಯೇ. ತುದಿಯಲ್ಲಿರುವ ನಾಲ್ಕನೆಯದು, ಹರಿದು ಬಂದ ದ್ರವವನ್ನೆಲ್ಲ ಕುಡಿದುಬಿಡುವ ಇನ್ನೊಂದು ಮೆತ್ತೆ. ಇದರಲ್ಲಿ ಯಂತ್ರವಿಲ್ಲ, ಬ್ಯಾಟರಿಯಿಲ್ಲ. ಆದರೂ ದ್ರವವು ತಾನಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುತ್ತದೆ. ಅದನ್ನು ಎಳೆಯುವವರು ಯಾರು?

ಹಣತೆಯ ಬತ್ತಿಯಲ್ಲಿ ಎಣ್ಣೆಯನ್ನು ಮೇಲೆಳೆಯುವ ಶಕ್ತಿಯೇ ಇಲ್ಲಿಯೂ ಕೆಲಸಮಾಡುತ್ತದೆ. ಅದನ್ನು ಕೇಶಾಕರ್ಷಣವೆನ್ನುತ್ತಾರೆ, ಕೂದಲಿನಷ್ಟು ಸಣ್ಣ ರಂಧ್ರದ ನಳಿಗೆಯಲ್ಲಿ ನೀರು ತಾನಾಗಿ ಏರುವುದರಿಂದ ಈ ಹೆಸರು. ಆಲಮೇಲದ ರೈತನಿಗೆ ಹೆಸರು ತಿಳಿಯದಿದ್ದರೂ ಈ ಶಕ್ತಿಯ ಪರಿಚಯ ಚೆನ್ನಾಗಿ ಉಂಟು. ಮಳೆ ನಿಂತ ಮೇಲೆ ಎರೆಮಣ್ಣಿನ ಕೆಳಪದರಗಳಲ್ಲಿರುವ ತೇವವು ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಮೇಲೇರಿ ಬಂದು ಬಿಸಿಲಿಗೆ ಆರಿಹೋಗುತ್ತದೆ. ಆದುದರಿಂದಲೇ ಆತ ಹಿಂಗಾರಿ ಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಗೊಳಿಸುತ್ತಾನೆ. ಸಂದುಗಳು ತುಂಡಾದ ಮೇಲೆ ತೇವಕ್ಕೆ ಏರುವ ದಾರಿಯಿಲ್ಲ. ಅದು ಬೇರಿನ ಬಳಿಯಲ್ಲಿಯೇ ಉಳಿಯುತ್ತದೆ. ಪಟ್ಟಿಯಲ್ಲಿ ಮಾಡಿರುವುದು ಇದಕ್ಕೆ ವಿರುದ್ಧವಾದ ಕೆಲಸ: ನೈಟ್ರೊಸೆಲ್ಯುಲೋಸ್ ಹಾಳೆಯಲ್ಲಿ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಕಿರಿದಾದ ಸಂದುಗಳನ್ನು ತುಂಡಾಗದಂತೆ ಉದ್ದಕ್ಕೂ ಬಿಟ್ಟಿದ್ದಾರೆ.

ಈ ನಡಿಗೆಗೆ ಒಂದು ನಿಯಮವುಂಟು. 1918ರಲ್ಲಿ ಲ್ಯೂಕಾಸನೂ 1921ರಲ್ಲಿ ವಾಷ್‌ಬರ್ನನೂ ಬೇರೆಬೇರೆಯಾಗಿ ಅದನ್ನು ಕಂಡುಹಿಡಿದರು. ದ್ರವವು ನಡೆದ ದೂರದ ವರ್ಗವು ಹಿಡಿದ ಕಾಲಕ್ಕೆ ಅನುಪಾತದಲ್ಲಿರುತ್ತದೆ. ಎರಡು ಸೆಂಟಿಮೀಟರು ನಡೆಯಲು ಅರ್ಧ ನಿಮಿಷ ಹಿಡಿದರೆ ನಾಲ್ಕು ಸೆಂಟಿಮೀಟರಿಗೆ ಒಂದು ನಿಮಿಷವಲ್ಲ, ಎರಡು ನಿಮಿಷ ಬೇಕು. ಮುಂದೆ ಹೋದಷ್ಟೂ ದಾರಿಯ ಘರ್ಷಣೆ ಹೆಚ್ಚಿ ವೇಗ ಕುಗ್ಗುವುದೇ ಇದಕ್ಕೆ ಕಾರಣ. ಗೆರೆಗಳನ್ನು ಎಲ್ಲಿ ಎಳೆಯಬೇಕೆಂಬುದನ್ನು ಪಟ್ಟಿಯ ತಯಾರಕರು ಈ ಲೆಕ್ಕದಿಂದ ನಿರ್ಧರಿಸುತ್ತಾರೆ. ಅಣುಗಳು ಒಂದನ್ನೊಂದು ಸಂಧಿಸಿ ಹಿಡಿದುಕೊಳ್ಳಲು ಸಾಕಷ್ಟು ಸಮಯ ಸಿಗಬೇಕಲ್ಲವೆ? ವಾಚಕರು ಮನೆಯಲ್ಲಿ ಒತ್ತುಕಾಗದದ ಒಂದು ತುಂಡು, ಗಡಿಯಾರ ಮತ್ತು ಅಳತೆಪಟ್ಟಿ ಇಟ್ಟುಕೊಂಡು ಈ ನಿಯಮವನ್ನು ತಾವೇ ಪರೀಕ್ಷಿಸಿ ನೋಡಬಹುದು.

ಇನ್ನು ಗೆರೆಯ ಕೆಂಪು ಬಣ್ಣದ ವಿಷಯ. ಅದು ಕುಂಕುಮವೂ ಅಲ್ಲ, ಶಾಯಿಯೂ ಅಲ್ಲ, ಬಂಗಾರ! ನಂಬಲು ಕಷ್ಟವಾದರೂ ಮಾತು ನಿಜ. ಬಂಗಾರವನ್ನು ಸುಮಾರು 40 ನ್ಯಾನೊಮೀಟರು ವ್ಯಾಸದ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಸಿದರೆ ಅದು ಹಳದಿಯಾಗಿ ಕಾಣದೆ ದಾಳಿಂಬೆಯ ರಸದಂತೆ ಕೆಂಪಾಗಿ ಕಾಣುತ್ತದೆ. ಇಂಥ ಒಂದೊಂದು ಕಣದಲ್ಲಿಯೂ ಸುಮಾರು ಇಪ್ಪತ್ತು ಲಕ್ಷ ಪರಮಾಣುಗಳಿರುತ್ತವೆ. ಹಾಗಿದ್ದರೂ ಇಡೀ ಪಟ್ಟಿಯ ಬಂಗಾರ ಅಕ್ಕಸಾಲಿಗನ ತಕ್ಕಡಿಗೆ ಸಿಗದಷ್ಟು ಅಲ್ಪ. ಮೈಕೆಲ್ ಫ್ಯಾರಡೆ ಇಂಥ ಕೆಂಪು ದ್ರವಗಳನ್ನು ತಯಾರಿಸಿ, ಬಣ್ಣಕ್ಕೆ ಕಾರಣ ಬಂಗಾರದ ಅತಿಸೂಕ್ಷ್ಮ ಕಣಗಳೇ ಎಂದು 1857ರಲ್ಲಿ ವಾದಿಸಿದ. ಇದರ ಗಣಿತವನ್ನು 1908ರಲ್ಲಿ ಜರ್ಮನಿಯ ಗುಸ್ಟಾವ್ ಮೀ ಬಿಡಿಸಿ ಹೇಳಿದ. ಲೋಹದೊಳಗಿನ ಬಿಡಿ ಇಲೆಕ್ಟ್ರಾನುಗಳು ಕಣದ ಗಡಿಯೊಳಗೆ ತೊಟ್ಟಿಯ ನೀರಿನಂತೆ ಆಚೀಚೆ ತುಯ್ಯುತ್ತವೆ. ಬೆಳಕಿನ ಆಂದೋಲನವು ಈ ತುಯ್ಯುವಿಕೆಗೆ ಸರಿಹೊಂದಿದಾಗ ಕಣವು ಆ ಬೆಳಕನ್ನು ಬಲವಾಗಿ ನುಂಗುತ್ತದೆ. ಮೇಲೆ ಹೇಳಿದ ಗಾತ್ರದ ಕಣವು ನುಂಗುವುದು ಸುಮಾರು 525 ನ್ಯಾನೊಮೀಟರು ತರಂಗದೂರದ ಹಸಿರು ಬೆಳಕನ್ನು. ಬಿಳಿಯ ಬೆಳಕಿನಿಂದ ಹಸಿರನ್ನು ಕಳೆದರೆ ನಮ್ಮ ಕಣ್ಣಿಗೆ ಉಳಿಯುವುದು ಕೆಂಪು. ಬಣ್ಣಕ್ಕೆ ಬಂಗಾರವನ್ನೇ ಆರಿಸಿದುದಕ್ಕೆ ಇನ್ನೊಂದು ಕಾರಣವೂ ಉಂಟು: ಅದು ತುಕ್ಕು ಹಿಡಿಯುವುದಿಲ್ಲ, ಮಾಸುವುದಿಲ್ಲ, ಮತ್ತು ಅದರ ಮೈಗೆ ಪ್ರೋಟೀನುಗಳು ಸುಲಭವಾಗಿ ಅಂಟಿಕೊಳ್ಳುತ್ತವೆ.

ಹಾಗೆ ಅಂಟಿಕೊಂಡಿರುವ ಪ್ರೋಟೀನೇ ಪ್ರತಿಕಾಯ. ರೋಗಾಣುಗಳು ಹೊಕ್ಕಾಗ ನಮ್ಮ ರಕ್ತದಲ್ಲಿ ಹುಟ್ಟುವ ಈ ಅಣುಗಳು ತಮಗೆ ಗೊತ್ತಾದ ಒಂದು ಆಕಾರವನ್ನು ಮಾತ್ರ ಹಿಡಿದುಕೊಳ್ಳುತ್ತವೆಂಬುದನ್ನು ವಾಚಕರು ಜೀವಶಾಸ್ತ್ರದಲ್ಲಿ ಓದಿದ್ದಾರೆ. ಪ್ರತಿಕಾಯದ ಅಣುಭಾರ ಸುಮಾರು ಒಂದೂವರೆ ಲಕ್ಷ. ಅಫೀಮಿನಲ್ಲಿರುವ ಮಾರ್ಫೀನಿನದು ಕೇವಲ 285. ಆನೆಯ ಸೊಂಡಿಲಿಗೆ ಕಡಲೆಕಾಳು ಸಿಕ್ಕಂತೆ! ಇಷ್ಟು ಚಿಕ್ಕ ಅಣುವನ್ನು ಶರೀರವು ಶತ್ರುವೆಂದು ಗುರುತಿಸುವುದೇ ಇಲ್ಲ. ಅದರ ವಿರುದ್ಧ ಪ್ರತಿಕಾಯವನ್ನು ಹುಟ್ಟಿಸುವುದೂ ಇಲ್ಲ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರನು ಇದಕ್ಕೆ ಒಂದು ಉಪಾಯವನ್ನು ತೋರಿಸಿದ್ದ: ಚಿಕ್ಕ ಅಣುವನ್ನು ದೊಡ್ಡ ಪ್ರೋಟೀನೊಂದಕ್ಕೆ ಹೊಲಿದು ಪ್ರಾಣಿಗೆ ಚುಚ್ಚಿದರೆ ಆಗ ಚಿಕ್ಕದಕ್ಕೂ ಪ್ರತಿಕಾಯ ಹುಟ್ಟುತ್ತದೆ. ಈ ದಾರಿಯಲ್ಲಿಯೇ ಸ್ಪೆಕ್ಟರ್ ಮತ್ತು ಪಾರ್ಕರ್ ಎಂಬಿಬ್ಬರು 1970ರಲ್ಲಿ ಮೊಲಗಳಿಂದ ಮಾರ್ಫೀನಿನ ಪ್ರತಿಕಾಯವನ್ನು ಪಡೆದು, ಅದರ ಸಹಾಯದಿಂದ ಮಾರ್ಫೀನಿನ ಅತ್ಯಲ್ಪ ಪ್ರಮಾಣವನ್ನು ಅಳೆದರು. ಅಳೆಯುವ ಕ್ರಮವು ಅದಕ್ಕೆ ಹತ್ತು ವರ್ಷ ಮೊದಲೇ ಸಾಲೊಮನ್ ಬರ್ಸನ್ ಮತ್ತು ರೊಸಾಲಿನ್ ಯಾಲೊ ಎಂಬವರಿಂದ ಸಿದ್ಧವಾಗಿದ್ದಿತು. ಯಾಲೊ ಭೌತವಿಜ್ಞಾನವನ್ನು ಓದಿದ ಮಹಿಳೆ. 1977ರಲ್ಲಿ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಬಂದುದನ್ನು ನಮ್ಮ ಶಾಸ್ತ್ರದ ವಿದ್ಯಾರ್ಥಿಗಳಿಗೆ ತುಸು ಅಭಿಮಾನದಿಂದಲೇ ಹೇಳುತ್ತೇವೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ವಿದ್ಯೆ 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನರಿಂದ ಬಂದಿತು. 1988ರ ಹೊತ್ತಿಗೆ ಇವೆಲ್ಲ ಸೇರಿ ಮನೆಯಲ್ಲಿಯೇ ಮಾಡಬಹುದಾದ ಗರ್ಭಪರೀಕ್ಷೆಯ ಪಟ್ಟಿಯು ಮಾರುಕಟ್ಟೆಗೆ ಬಂದಿತು. ಮಾದಕದ್ರವ್ಯದ ಪಟ್ಟಿಯು ಅದರ ಬೆನ್ನಿಗೇ ಬಂದ ತಂಗಿ.

ಈಗ ಮೊದಲಿನ ಒಗಟಿಗೆ ಬರೋಣ. ಗರ್ಭಪರೀಕ್ಷೆಯಲ್ಲಿ ಹುಡುಕುವ ಹಾರ್ಮೋನು ದೊಡ್ಡ ಅಣು. ಬಂಗಾರ ಹೊತ್ತ ಪ್ರತಿಕಾಯವೊಂದು ಅದರ ಒಂದು ಬದಿಯನ್ನು ಹಿಡಿದರೆ, ಗೆರೆಯ ಸ್ಥಳದಲ್ಲಿ ನೆಟ್ಟಿರುವ ಇನ್ನೊಂದು ಪ್ರತಿಕಾಯವು ಅದರ ಮತ್ತೊಂದು ಬದಿಯನ್ನು ಹಿಡಿಯಲು ಎಡೆಯಿರುತ್ತದೆ. ಹಾರ್ಮೋನು ಇದ್ದರೆ ಮಾತ್ರ ಬಂಗಾರ ಅಲ್ಲಿ ನಿಲ್ಲುತ್ತದೆ, ಗೆರೆ ಮೂಡುತ್ತದೆ. ಮಾರ್ಫೀನಿನಂಥ ಚಿಕ್ಕ ಅಣುವಿಗೆ ಎರಡು ಬದಿಗಳೆಲ್ಲಿ? ಒಂದು ಕೈ ಹಿಡಿದರೆ ಇನ್ನೊಂದು ಕೈಗೆ ಜಾಗವಿಲ್ಲ. ಆದುದರಿಂದ ಗೆರೆಯ ಸ್ಥಳದಲ್ಲಿ ಪ್ರತಿಕಾಯದ ಬದಲು ಮಾದಕದ್ರವ್ಯದ ಅಣುಗಳನ್ನೇ, ಪ್ರೋಟೀನಿಗೆ ಕಟ್ಟಿ, ಮೊದಲೇ ನೆಟ್ಟುಬಿಟ್ಟಿರುತ್ತಾರೆ.

ಸಿಂದಗಿಯಿಂದ ಆಲಮೇಲಕ್ಕೆ ಹೊರಡುವ ಬಸ್ಸುಗಳನ್ನು ನೆನೆದುಕೊಂಡರೆ ಮುಂದಿನದು ತಿಳಿಯುತ್ತದೆ. ಬಂಗಾರ ಹೊತ್ತ ಪ್ರತಿಕಾಯಗಳೇ ಬಸ್ಸುಗಳು. ಅವುಗಳ ಹಿಡಿಯುವ ಕೈಗಳೇ ಆಸನಗಳು. ಸಿಂದಗಿಯ ನಿಲ್ದಾಣದಲ್ಲಿ ಹತ್ತುವವರು ಮೂತ್ರದಲ್ಲಿ ಬಂದ ಮಾದಕದ ಅಣುಗಳು. ನಡುದಾರಿಯ ಹಳ್ಳಿಯೊಂದರಲ್ಲಿ ಕಾದು ನಿಂತವರು ಗೆರೆಯಲ್ಲಿ ನೆಟ್ಟಿರುವ ಅಣುಗಳು. ಸಿಂದಗಿಯಲ್ಲಿ ಯಾರೂ ಹತ್ತದಿದ್ದರೆ ಬಸ್ಸುಗಳು ಖಾಲಿ ಬರುತ್ತವೆ. ಹಳ್ಳಿಯವರು ಕೈಯೆತ್ತಿ ಅವನ್ನು ನಿಲ್ಲಿಸಿಕೊಳ್ಳುತ್ತಾರೆ. ಬಸ್ಸುಗಳು ಸಾಲುಗಟ್ಟಿ ನಿಂತ ಆ ಜಾಗವೇ ನಮಗೆ ಕಾಣುವ ಕೆಂಪು ಗೆರೆ. ಸಿಂದಗಿಯಲ್ಲಿಯೇ ಆಸನಗಳೆಲ್ಲ ತುಂಬಿದ್ದರೆ ಬಸ್ಸು ಹಳ್ಳಿಯಲ್ಲಿ ನಿಲ್ಲದೆ ಹಾದುಹೋಗುತ್ತದೆ, ಗೆರೆ ಮೂಡುವುದಿಲ್ಲ. ತುಂಬಿರಲಿ, ಖಾಲಿಯಿರಲಿ, ಎಲ್ಲ ಬಸ್ಸುಗಳಲ್ಲಿ ಕೆಲವಾದರೂ ನಿಲ್ಲಲೇಬೇಕಾದ ಕೊನೆಯ ನಿಲ್ದಾಣವೊಂದುಂಟು. ಅದೇ ಎರಡನೆಯ ಗೆರೆ, ಎಂದರೆ ನಿಯಂತ್ರಣದ ಗೆರೆ. ಅಲ್ಲಿ ನೆಟ್ಟಿರುವುದು ಪ್ರತಿಕಾಯವನ್ನೇ ಹಿಡಿಯುವ ಬೇರೊಂದು ಪ್ರತಿಕಾಯ. ಈ ಗೆರೆಯೂ ಮೂಡದಿದ್ದರೆ ಬಸ್ಸುಗಳು ಹೊರಡಲೇ ಇಲ್ಲವೆಂದು ತಿಳಿಯಬೇಕು. ಅಂಥ ಪಟ್ಟಿ ಏನನ್ನೂ ಹೇಳುತ್ತಿಲ್ಲ. ಅದನ್ನು ಎಸೆದು ಹೊಸದನ್ನು ತೆಗೆಯಬೇಕು. ಎರಡು ಗೆರೆಯೂ ಕಾಣದ ಪಟ್ಟಿಯನ್ನು ಹಿಡಿದು ಒಬ್ಬನನ್ನು ತಪ್ಪಿತಸ್ಥನೆನ್ನುವುದು ನಡೆಯದ ಗಡಿಯಾರವನ್ನು ನೋಡಿ ಅವನು ತಡವಾಗಿ ಬಂದನೆಂದ ಹಾಗೆ.

ಆಸನಗಳು ಅರ್ಧ ತುಂಬಿದ್ದರೆ? ಆಗ ಗೆರೆ ಮಸುಕಾಗಿ ಮೂಡುತ್ತದೆ. ಮಸುಕಾದ ಗೆರೆಯನ್ನು ಕಂಡು “ಸ್ವಲ್ಪ ಇದೆ” ಎಂದು ತೀರ್ಮಾನಿಸುವ ಪ್ರಲೋಭನೆ ಯಾರಿಗಾದರೂ ಆಗುತ್ತದೆ. ಆದರೆ ಎಷ್ಟೇ ಮಸುಕಾಗಿದ್ದರೂ ಗೆರೆ ಗೆರೆಯೇ, ಫಲಿತಾಂಶ “ಇಲ್ಲ”ವೆಂದೇ ಎಂಬುದು ಇದರ ನಿಯಮ. ಏಕೆಂದರೆ ಪಟ್ಟಿಯನ್ನು ಒಂದು ಮಿತಿಗೆ ಹೊಂದಿಸಿ ಮಾಡಿರುತ್ತಾರೆ. ಆ ಮಿತಿಯನ್ನು ದಾಟಿದಾಗ ಮಾತ್ರ ಗೆರೆ ಪೂರ್ತಿಯಾಗಿ ಅಳಿಯಬೇಕು. ಗಾಂಜಾದ ಪಟ್ಟಿಗೆ ಈ ಮಿತಿಯು ಸಾಮಾನ್ಯವಾಗಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಿಗೆ ಬರುವ ಐದು ಸಾವಿರ ಲೀಟರಿನ ನೀರಿನ ಟ್ಯಾಂಕರಿನಲ್ಲಿ ಕಾಲು ಗ್ರಾಂ ವಸ್ತುವನ್ನು ಕಲಕಿದರೆ ಬರುವ ಸಾಂದ್ರತೆ ಇದು. ಇಷ್ಟು ಅಲ್ಪವೆಂದು ಬೆರಗಾಗುವವರು ಅಣುಗಳನ್ನೂ ಎಣಿಸಬೇಕು. ಪಟ್ಟಿ ಹುಡುಕುವ ಗಾಂಜಾದ ವಿಭಜಿತ ವಸ್ತುವಿನ ಅಣುಭಾರ 344. ಅವೊಗಾಡ್ರೊ ಸಂಖ್ಯೆಯನ್ನು ಬಳಸಿ ಲೆಕ್ಕಹಾಕಿದರೆ, ಎರಡು ಹನಿ ಮೂತ್ರದಲ್ಲಿ, ಎಂದರೆ ಮಿಲಿಲೀಟರಿನ ಹತ್ತನೆಯ ಒಂದು ಪಾಲಿನಲ್ಲಿ, ಸುಮಾರು ಒಂಬತ್ತು ಲಕ್ಷ ಕೋಟಿ ಅಣುಗಳಿರುತ್ತವೆ. ಬಸ್ಸುಗಳಿಗೆ ಪ್ರಯಾಣಿಕರ ಕೊರತೆಯಿಲ್ಲ.

ಮಿತಿಯನ್ನು ಎಲ್ಲಿ ಇಡಬೇಕೆಂಬುದು ಪ್ರಕೃತಿ ಗೊತ್ತುಮಾಡಿದ ವಿಷಯವಲ್ಲ, ಮನುಷ್ಯರು ಕುಳಿತು ನಿರ್ಣಯಿಸಿದುದು. ಇದಕ್ಕೆ ನಮ್ಮ ಅಡಿಗೆಮನೆಯಲ್ಲಿಯೇ ಒಂದು ಸೊಗಸಾದ ಉದಾಹರಣೆಯುಂಟು: ಗಸಗಸೆ. ಹಬ್ಬದ ದಿನ ಪಾಯಸಕ್ಕೆ ಅರೆಯುವ ಗಸಗಸೆ, ಅಫೀಮು ಕೊಡುವ ಗಿಡದ ಬೀಜವೇ. ಬೀಜದಲ್ಲಿ ಮತ್ತು ಬರುವಷ್ಟು ಏನೂ ಇಲ್ಲ. ಆದರೆ ಅದರ ಸಿಪ್ಪೆಗೆ ಕಾಯಿಯ ಹಾಲು ತಗುಲಿ ತುಸು ಮಾರ್ಫೀನು ಅಂಟಿಕೊಂಡಿರುತ್ತದೆ. ಗಸಗಸೆಯ ತಿಂಡಿ ತಿಂದವರ ಮೂತ್ರದಲ್ಲಿ ಮಾರ್ಫೀನು ಕಾಣಿಸಿಕೊಂಡ ಪ್ರಸಂಗಗಳು ಅಮೆರಿಕದಲ್ಲಿ ಎಷ್ಟೋ ನಡೆದವು. ಕೊನೆಗೆ ಅಲ್ಲಿಯ ಸರಕಾರವು ತನ್ನ ನೌಕರರ ಪರೀಕ್ಷೆಯಲ್ಲಿ ಅಫೀಮು ವರ್ಗದ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು. ಅಂಗಡಿಗಳಲ್ಲಿ ಎರಡು ಮಿತಿಯ ಪಟ್ಟಿಗಳೂ ಇಂದು ದೊರೆಯುತ್ತವೆ. ಪಾಯಸ ಉಂಡ ಒಬ್ಬನೇ ಹುಡುಗ 300ರ ಪಟ್ಟಿಯಲ್ಲಿ ಸಂಶಯಕ್ಕೆ ಒಳಗಾಗಿ 2000ದ ಪಟ್ಟಿಯಲ್ಲಿ ಪಾರಾಗಬಹುದು. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿರುವ ಈ ಸಂಖ್ಯೆಯನ್ನು ಎಷ್ಟು ಮಂದಿ ಓದುತ್ತಾರೆ?

ಪ್ರತಿಕಾಯವು ಹಿಡಿಯುವುದು ಆಕಾರವನ್ನೇ ಹೊರತು ಹೆಸರನ್ನಲ್ಲ. ಆದುದರಿಂದ ಒಂದೇ ತೆರನಾದ ಆಕಾರವಿರುವ ಬೇರೆ ಅಣುವೂ ಆಸನದಲ್ಲಿ ಕುಳಿತುಬಿಡಬಹುದು. ವಿಷಮಶೀತ ಜ್ವರಕ್ಕೂ ಮೂತ್ರದ ಸೋಂಕಿಗೂ ವೈದ್ಯರು ಬರೆದುಕೊಡುವ ಆಫ್ಲಾಕ್ಸಸಿನ್ ಗುಂಪಿನ ಔಷಧಗಳು ಅಫೀಮಿನ ಕೆಲವು ಪರೀಕ್ಷೆಗಳನ್ನು ಮೋಸಗೊಳಿಸಿದುದುಂಟು. ರಕ್ತದೊತ್ತಡಕ್ಕೆ, ವಿಶೇಷವಾಗಿ ಗರ್ಭಿಣಿಯರಿಗೆ, ಕೊಡುವ ಲ್ಯಾಬೆಟಲಾಲ್ ಎಂಬ ಔಷಧ ಆಂಫೆಟಮೀನಿನ ಪರೀಕ್ಷೆಯಲ್ಲಿ ಹೀಗೆಯೇ ಮಾಡುತ್ತದೆ. ಕೋಡೀನ್ ಇರುವ ಕೆಮ್ಮಿನ ಔಷಧದ ಸಂಗತಿ ಇನ್ನೂ ವಿಚಿತ್ರ. ಅದು ಮೋಸವೇ ಅಲ್ಲ. ಕೋಡೀನಿನ ಒಂದು ಭಾಗ ಯಕೃತ್ತಿನಲ್ಲಿ ನಿಜವಾಗಿಯೂ ಮಾರ್ಫೀನಾಗಿ ಮಾರ್ಪಡುತ್ತದೆ. ಪಟ್ಟಿ ನಿಜವನ್ನೇ ಹೇಳಿತು, ಆದರೆ ಆ ಮಾರ್ಫೀನು ವೈದ್ಯರ ಚೀಟಿಯಿಂದ ಬಂದುದೆಂದು ಹೇಳಲು ಅದಕ್ಕೆ ಬಾಯಿಲ್ಲ.

ಬಾಯಿಲ್ಲದ ಇನ್ನೂ ಒಂದೆರಡು ಸಂಗತಿಗಳುಂಟು. ಹೋಳಿ ಹುಣ್ಣಿಮೆಯಂದು ಕುಡಿದ ಭಂಗಿಯೂ ಕದ್ದು ಸೇದಿದ ಗಾಂಜಾವೂ ಶರೀರದಲ್ಲಿ ಒಂದೇ ವಸ್ತುವಾಗಿ ಮಾರ್ಪಟ್ಟು ಹೊರಬರುತ್ತವೆ. ಕಾನೂನು ಮಾತ್ರ ಅವೆರಡನ್ನೂ ಬೇರೆಯಾಗಿ ಕಾಣುತ್ತದೆ. 1985ರ ಮಾದಕದ್ರವ್ಯ ಕಾಯಿದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂತೆನೆ. ತೆನೆಯಿಲ್ಲದ ಬರಿಯ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯವು 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ, ಭಂಗಿಯನ್ನು ನಿಷಿದ್ಧ ದ್ರವ್ಯವೆಂದು ಆ ಕಾಯಿದೆ ಎಲ್ಲಿಯೂ ಹೆಸರಿಸಿಲ್ಲವೆಂದು ಹೇಳಿತು. ನ್ಯಾಯಾಲಯ ಬಿಡಿಸಿ ನೋಡಿದ ಈ ಭೇದ ಪಟ್ಟಿಗೆ ಕಾಣದು. ಮೇಲಾಗಿ ಆ ವಸ್ತು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದರಿಂದ, ಒಮ್ಮೆ ಸೇವಿಸಿದವನಲ್ಲಿ ಕೆಲವು ದಿನ, ನಿತ್ಯ ಸೇವಿಸುವವನಲ್ಲಿ ಬಿಟ್ಟ ಮೇಲೆಯೂ ಹಲವು ವಾರ ಕಾಣಿಸಿಕೊಳ್ಳಬಹುದು. ಇಂದು ಅಮಲಿನಲ್ಲಿರುವನೇ ಎಂಬ ಪ್ರಶ್ನೆಗೆ ಮೂತ್ರದ ಪಟ್ಟಿಯಲ್ಲಿ ಉತ್ತರವಿಲ್ಲ.

ಇದಕ್ಕೆ ಎದುರಾದ ತಪ್ಪೂ ಸಂಭವಿಸುತ್ತದೆ. ಪಟ್ಟಿಯು ತನಗೆ ಹೇಳಿಕೊಟ್ಟ ಅಣುವನ್ನು ಮಾತ್ರ ಬಲ್ಲದು. ಮಾರ್ಫೀನಿನ ಪಟ್ಟಿಗೆ ಟ್ರಾಮಡಾಲ್ ಆಗಲಿ ಫೆಂಟನಿಲ್ ಆಗಲಿ ಕಾಣುವುದಿಲ್ಲ, ಅವು ಅದೇ ಬಗೆಯ ಮತ್ತನ್ನು ತರುತ್ತಿದ್ದರೂ ಸಹ. ರಾಯಚೂರಿನ ಕಡೆಯ ಕಲಬೆರಕೆ ಸೇಂದಿಯಲ್ಲಿ ಬೆರೆಸುವ ‘ಸಿ.ಎಚ್. ಪುಡಿ’, ಎಂದರೆ ಕ್ಲೋರಲ್ ಹೈಡ್ರೇಟ್, ಸಾಮಾನ್ಯ ಪಟ್ಟಿಗಳ ಯಾದಿಯಲ್ಲಿಯೇ ಇಲ್ಲ. ನೆರೆಯ ತೆಲಂಗಾಣದಲ್ಲಿ ಬೆರೆಸುವುದು ಅಲ್‌ಪ್ರಜೋಲಾಮ್ ಎಂಬ ನಿದ್ರೆಯ ಔಷಧ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇಂಥ ಸೇಂದಿಯನ್ನು ಕುಡಿದು ಹಲವರು ಅಸ್ವಸ್ಥರಾಗಿ ಕೆಲವರು ಸತ್ತರು. ಅಲ್‌ಪ್ರಜೋಲಾಮನ್ನು ಆ ವರ್ಗದ ಪಟ್ಟಿ ಹಿಡಿಯಬಲ್ಲದು. ಆದರೆ ಸಂಜೆ ಒಂದು ಮಡಕೆ ಸೇಂದಿಯನ್ನಷ್ಟೇ ಕುಡಿದೆನೆಂದು ನಂಬಿರುವ ಕೂಲಿಯವನಿಗೆ ಗೆರೆ ಮೂಡದಿದ್ದಾಗ, ಅವನು ವ್ಯಸನಿಯೋ ವಿಷವುಂಡವನೋ?

ಇಷ್ಟಾದರೂ ಪಟ್ಟಿಯನ್ನು ನಾವು ಹಳಿಯುವುದಿಲ್ಲ. ಪ್ರಜ್ಞೆ ತಪ್ಪಿ ಬಂದ ರೋಗಿಯ ಮುಂದೆ ನಿಂತಿರುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಐದು ನಿಮಿಷದಲ್ಲಿ ಒಂದು ಸುಳಿವು ಸಿಗುವುದು ಸಾಮಾನ್ಯವಾದ ಉಪಕಾರವಲ್ಲ. ವ್ಯಸನ ಬಿಡಿಸುವ ಚಿಕಿತ್ಸೆಯಲ್ಲಿಯೂ ಅದು ಬಹಳ ಉಪಯೋಗಿ. ತೊಡಕು ಹುಟ್ಟುವುದು, ಯಾವ ಲಕ್ಷಣವೂ ಇಲ್ಲದ ಒಂದು ದೊಡ್ಡ ಗುಂಪನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದಾಗ. ಇಲ್ಲಿ ಒಂದು ಲೆಕ್ಕವನ್ನು ಮಾಡಲೇಬೇಕು. ಸಂಖ್ಯೆಗಳನ್ನು ನಾವು ಕಲ್ಪಿಸಿಕೊಂಡದ್ದು. ತರ್ಕ ಮಾತ್ರ ಕಲ್ಪಿತವಲ್ಲ.

ಒಂದು ಕಾಲೇಜಿನಲ್ಲಿ ಸಾವಿರ ವಿದ್ಯಾರ್ಥಿಗಳು. ಅವರಲ್ಲಿ ನೂರಕ್ಕೆ ಇಬ್ಬರಂತೆ 20 ಮಂದಿ ನಿಜವಾಗಿ ಮಾದಕವನ್ನು ಸೇವಿಸಿದವರು, 980 ಮಂದಿ ಸೇವಿಸದವರೆಂದು ಇಟ್ಟುಕೊಳ್ಳೋಣ. ಪಟ್ಟಿಯು ನೂರಕ್ಕೆ 95 ಸಲ ಸರಿಯಾಗಿ ಹೇಳುತ್ತದೆ, ಸೇವಿಸಿದವರ ವಿಷಯದಲ್ಲಿಯೂ ಸೇವಿಸದವರ ವಿಷಯದಲ್ಲಿಯೂ. ಆಗ 20ರಲ್ಲಿ 19 ಮಂದಿ ಸಿಕ್ಕಿಬೀಳುತ್ತಾರೆ. ಸೇವಿಸದ 980ರಲ್ಲಿ ನೂರಕ್ಕೆ ಐದರಂತೆ 49 ಮಂದಿಗೂ ಗೆರೆ ಮೂಡುವುದಿಲ್ಲ. ಒಟ್ಟು 68 ಮಂದಿಯನ್ನು ಪ್ರಾಂಶುಪಾಲರ ಕೋಣೆಯ ಮುಂದೆ ನಿಲ್ಲಿಸಿದರೆ ಅವರಲ್ಲಿ 49 ಮಂದಿ ನಿರಪರಾಧಿಗಳು! ನೂರಕ್ಕೆ 95 ಸರಿಯೆಂದು ಪೊಟ್ಟಣದ ಮೇಲೆ ಬರೆದ ಪಟ್ಟಿಯ ತೀರ್ಪು ಇಲ್ಲಿ ನಾಲ್ಕರಲ್ಲಿ ಸುಮಾರು ಮೂರು ಸಲ ತಪ್ಪಾಯಿತು. ಪಟ್ಟಿ ಕೆಟ್ಟಿರಲಿಲ್ಲ. ಅಪರೂಪದ ವಸ್ತುವನ್ನು ದೊಡ್ಡ ರಾಶಿಯಲ್ಲಿ ಹುಡುಕಿದಾಗ ಇದು ತಪ್ಪದು. ಇದೇ ಪಟ್ಟಿಯನ್ನು, ಅರ್ಧಕ್ಕರ್ಧ ಜನ ಸೇವಿಸಿರುವ ಗುಂಪಿನಲ್ಲಿ ಬಳಸಿದರೆ, ಗೆರೆ ಮೂಡದ ನೂರು ಮಂದಿಯಲ್ಲಿ 95 ಮಂದಿ ನಿಜವಾಗಿ ಸೇವಿಸಿದವರೇ ಆಗಿರುತ್ತಾರೆ. ಈ ಲೆಕ್ಕವನ್ನು ಹೇಳಿದಾಗ ಆಲಮೇಲದ ಸಭೆಯಲ್ಲಿ ಯಾರೂ ನಗಲಿಲ್ಲ. ಕೆಲವರು ಪುಸ್ತಕ ತೆಗೆದು ತಾವೂ ಕೂಡಿಸಿ ನೋಡಿದರು.

ಆದುದರಿಂದಲೇ ಪಟ್ಟಿಯ ಫಲಿತಾಂಶವನ್ನು ಶಾಸ್ತ್ರಜ್ಞರು ಪ್ರಾಥಮಿಕವೆಂದು ಮಾತ್ರ ಕರೆಯುತ್ತಾರೆ. ಖಚಿತಪಡಿಸುವ ಕೆಲಸ ದ್ರವ್ಯರಾಶಿ ರೋಹಿತಮಾಪಕದ್ದು. ಅದರಲ್ಲಿ ಮೂತ್ರದ ಅಣುಗಳನ್ನು ಮೊದಲು ಉದ್ದವಾದ ನಳಿಗೆಯಲ್ಲಿ ಹಾಯಿಸಿ ಒಂದೊಂದಾಗಿ ಬೇರ್ಪಡಿಸುತ್ತಾರೆ. ಆಮೇಲೆ ಅವಕ್ಕೆ ವಿದ್ಯುದಂಶವನ್ನು ಕೊಟ್ಟು, ಚೂರುಗಳಾಗಿ ಒಡೆದು, ಪ್ರತಿಯೊಂದು ಚೂರಿನ ರಾಶಿಯನ್ನೂ ವಿದ್ಯುತ್ ಕ್ಷೇತ್ರದ ಸಹಾಯದಿಂದ ಅಳೆಯುತ್ತಾರೆ. ಎರಡು ಬೇರೆ ಅಣುಗಳು ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಒಡೆದ ಚೂರುಗಳ ಪಟ್ಟಿಯಲ್ಲಿ ಭೇದ ಬಯಲಾಗುತ್ತದೆ. ಆಫ್ಲಾಕ್ಸಸಿನ್ನಿಗೆ ಇಲ್ಲಿ ಮಾರ್ಫೀನಿನ ವೇಷ ಹಾಕಲು ಸಾಧ್ಯವಿಲ್ಲ. ಇಂಥ ಪರೀಕ್ಷೆಗಳಿಗೆ ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಶಾಲೆಯಿದೆ. ನಮ್ಮ ಕಡೆಗೆ ಹತ್ತಿರವಾಗುವಂತೆ ಬೆಳಗಾವಿ, ಕಲಬುರಗಿಗಳಲ್ಲಿ ಅದರ ಪ್ರಾದೇಶಿಕ ಶಾಖೆಗಳಿವೆ. ಆದರೆ ಖಚಿತತೆಗೆ ಕಾಲದ ಬೆಲೆಯನ್ನು ತೆರಬೇಕು. 2020ರಲ್ಲಿ ಬೆಂಗಳೂರಿನಲ್ಲಿ ನಡೆದ ಚಲನಚಿತ್ರರಂಗದ ಮಾದಕದ್ರವ್ಯ ಪ್ರಕರಣದಲ್ಲಿ ಆರೋಪಿಗಳ ಕೂದಲನ್ನು ಹೈದರಾಬಾದಿನ ಕೇಂದ್ರ ಪ್ರಯೋಗಶಾಲೆಗೆ ಕಳುಹಿಸಲಾಯಿತು. ಕೂದಲು ಬೆಳೆಯುತ್ತ ರಕ್ತದಲ್ಲಿದ್ದುದನ್ನು ತನ್ನೊಳಗೆ ಸೇರಿಸಿಕೊಳ್ಳುವುದರಿಂದ ಅದರಲ್ಲಿ ತಿಂಗಳುಗಳ ಹಿಂದಿನ ಕುರುಹೂ ಉಳಿದಿರುತ್ತದೆ. ಆ ವರದಿಯ ಸುದ್ದಿ ಹೊರಬಂದುದು 2021ರ ಆಗಸ್ಟಿನಲ್ಲಿ. ಒಂದು ಕಡೆ ಐದು ನಿಮಿಷ, ಇನ್ನೊಂದು ಕಡೆ ಹೆಚ್ಚು ಕಡಮೆ ಒಂದು ವರ್ಷ! ಈ ಅಂತರದಲ್ಲಿಯೇ ಊರಿನ ಬಾಯಿ ತನ್ನ ತೀರ್ಪನ್ನು ಕೊಟ್ಟುಬಿಡುತ್ತದೆ.

ಪಟ್ಟಿಯನ್ನು ಇಡುವ ಬಗೆಯನ್ನೂ ಹೇಳಬೇಕು, ಅದರಲ್ಲಿಯೂ ನಮ್ಮ ಸೀಮೆಯವರಿಗೆ. ಎಲ್ಲ ಪೊಟ್ಟಣಗಳ ಮೇಲೂ ಸಾಮಾನ್ಯವಾಗಿ 2ರಿಂದ 30 ಡಿಗ್ರಿ ಸೆಂಟಿಗ್ರೇಡಿನೊಳಗೆ ಇಡಬೇಕೆಂದು ಬರೆದಿರುತ್ತದೆ. ವಿಜಯಪುರ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಜೀಪಿನೊಳಗಿನ ಮಾತು ಹೇಳಬೇಕಾದುದಿಲ್ಲ. ಪ್ರತಿಕಾಯವೂ ಮೊಟ್ಟೆಯ ಬಿಳಿಯಂತೆ ಪ್ರೋಟೀನೇ. ಕಾದಷ್ಟೂ ಅದರ ಆಕಾರ ಕೆಡುತ್ತದೆ, ಆಕಾರ ಕೆಟ್ಟ ಮೇಲೆ ಹಿಡಿತ ತಪ್ಪುತ್ತದೆ. ಹಿಡಿತ ಕುಂದಿದ ಪ್ರತಿಕಾಯವು ಗೆರೆಯ ಸ್ಥಳದಲ್ಲಿ ನೆಟ್ಟ ಅಣುಗಳನ್ನೂ ಸರಿಯಾಗಿ ಹಿಡಿಯಲಾರದು. ಆಗ ಗೆರೆ ಮಸುಕಾಗುತ್ತದೆ ಇಲ್ಲವೆ ಮೂಡುವುದಿಲ್ಲ. ಇಲ್ಲಿ ಮೂಡದ ಗೆರೆಗೆ ಅರ್ಥವೇನೆಂದು ವಾಚಕರು ಆಗಲೇ ಬಲ್ಲರು. ಒಂದೇ ಪೊಟ್ಟಣದ ಇನ್ನೊಂದು ಪಟ್ಟಿಯನ್ನು ಮಾದಕವಿಲ್ಲವೆಂದು ಗೊತ್ತಿರುವ ಮೂತ್ರದಲ್ಲಿ ಅದ್ದಿ ನೋಡುವುದು ಈ ಸಂಶಯಕ್ಕೆ ಅಗ್ಗದ ಪರಿಹಾರ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಉಪಕರಣದ ಶೂನ್ಯದೋಷವನ್ನು ನೋಡದೆ ಅಳತೆ ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಇಲ್ಲಿಯೂ ಅದೇ ನ್ಯಾಯ ನಡೆಯಬೇಕು.

ಸಭೆ ಮುಗಿದ ಮೇಲೆ ಮೊದಲು ಎದ್ದು ಕೇಳಿದ ಹುಡುಗನೇ ಹತ್ತಿರ ಬಂದು, “ನಾಳೆ ನಮಗ ಹಿಂಗ ಪರೀಕ್ಷಾ ಮಾಡಿದ್ರ ನಾವೇನ್ ಮಾಡಬೇಕ್ರೀ, ಸರ್?” ಎಂದ. ನಾವು ಹೇಳಿದುದು ಇಷ್ಟು. ಹಿಂದಿನ ಎರಡು ವಾರಗಳಲ್ಲಿ ತೆಗೆದುಕೊಂಡ ಔಷಧಗಳ ಹೆಸರನ್ನು ಪರೀಕ್ಷೆಗೆ ಮೊದಲೇ ಬರೆದುಕೊಡು, ವೈದ್ಯರ ಚೀಟಿಯಿದ್ದರೆ ಅದನ್ನೂ ತೋರಿಸು. ಪೊಟ್ಟಣದ ಮೇಲಿನ ಅವಧಿಯ ದಿನಾಂಕವನ್ನೂ ಮಿತಿಯ ಸಂಖ್ಯೆಯನ್ನೂ ನೋಡಲು ಕೇಳು. ನಿಯಂತ್ರಣದ ಗೆರೆ ಮೂಡಿತೇ ಎಂದು ನಿನ್ನ ಕಣ್ಣಿನಿಂದಲೇ ನೋಡು. ಹೇಳಿದ ನಿಮಿಷಗಳೊಳಗೆ ಓದಿದರೆ ಮಾತ್ರ ಅದು ಓದು; ಗಂಟೆ ಕಳೆದ ಮೇಲೆ ಯಾರೋ ತೋರಿಸುವ ಒಣಗಿದ ಪಟ್ಟಿಗೆ ಬೆಲೆಯಿಲ್ಲ. ಗೆರೆ ಮೂಡದಿದ್ದರೆ ಅದೇ ಮೂತ್ರದ ಉಳಿದ ಭಾಗವನ್ನು ಮುಚ್ಚಿ ಮುದ್ರೆಹಾಕಿ ಪ್ರಯೋಗಶಾಲೆಗೆ ಕಳುಹಿಸಬೇಕೆಂದು ಬರಹದಲ್ಲಿ ಕೇಳು. ಆತ ತುಸು ತಡೆದು, ದನಿ ತಗ್ಗಿಸಿ, “ಖರೇನ ತೊಗೊಂಡಿದ್ರರೀ?” ಎಂದು ಕೇಳಿದ. ಯಾರ ಪರವಾಗಿ ಕೇಳಿದನೋ ನಾವು ವಿಚಾರಿಸಲಿಲ್ಲ. ಆ 1985ರ ಕಾಯಿದೆಯಲ್ಲಿ ಸೇವನೆಗೆ ಆರು ತಿಂಗಳವರೆಗೂ, ಕೆಲವು ದ್ರವ್ಯಗಳಿಗೆ ಒಂದು ವರ್ಷದವರೆಗೂ ಸೆರೆಯಿದೆ. ಅದೇ ಕಾಯಿದೆಯ 64ಎ ಪ್ರಕರಣದಲ್ಲಿ, ತಾನಾಗಿ ಮುಂದೆ ಬಂದು ಸರಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಆ ಶಿಕ್ಷೆಯಿಂದ ರಕ್ಷಣೆಯೂ ಇದೆ. ಚಿಕಿತ್ಸೆಯನ್ನು ಪೂರ್ತಿಮಾಡಬೇಕೆಂಬುದು ಅದರ ಕರಾರು. ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳ ಹೆಸರನ್ನೂ, ದೇಶದ ವ್ಯಸನಮುಕ್ತಿ ಸಹಾಯವಾಣಿಯ 14446 ಎಂಬ ಸಂಖ್ಯೆಯನ್ನೂ ಆತ ಅಂಗೈಯ ಮೇಲೆ ಬರೆದುಕೊಂಡು ಹೋದ.